ನನ್ನ ಪಾಲಿನ ಕೀಲಿ

ಲಾಕರಿಗೆ ಎರಡು ಕೀಲಿ. ಒಂದು ಮ್ಯಾನೇಜರ್ ಜೋಬಿಯದು,
ಒಂದು ನನ್ನದು.
ಇಬ್ಬರೂ ಒಟ್ಟಿಗೆ ತಿರುಗಿಸದೆ
ಯಾರ ಚಿನ್ನವೂ ಒಳಗೆ ಹೋಗುತ್ತಿರಲಿಲ್ಲ, ಹೊರಗೂ ಬರುತ್ತಿರಲಿಲ್ಲ.
ಹನ್ನೊಂದು ವರ್ಷ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ,
ಬಿ.ಎಂ. ರಸ್ತೆಯ ಮೊದಲ ಮಹಡಿಯಲ್ಲಿ.

ಮಾರ್ಚ್ ಮೂವತ್ತೊಂದಕ್ಕೆ ನನ್ನದನ್ನು ಲಕೋಟೆಗೆ ಹಾಕಿ
ಮೇಲೆ ಸಹಿ ಮಾಡಿ ಕೊಟ್ಟೆ.
'ಬೇರೆ ಕಂಪನಿಯಾ? ಎಷ್ಟು ಜಾಸ್ತಿ ಕೊಡ್ತಾರೆ?'
ಯಾವ ಕಂಪನಿಯೂ ಅಲ್ಲ ಸರ್.
'ಮನೇಲಿ ಏನಾದ್ರೂ ತೊಂದರೆಯಾ?'
ಇಲ್ಲ.
'ಆರೋಗ್ಯ?'
ಚೆನ್ನಾಗಿದೆ.
ಅವರ ಫಾರಮ್ಮಿನಲ್ಲಿ ನಾಲ್ಕನೇ ಚೌಕ ಇರಲಿಲ್ಲ.
'ಇತರೆ' ಎಂದು ಪೆನ್ನಲ್ಲಿ ಬರೆದುಕೊಂಡರು.

ಮೊದಲ ವಾರ ಐದೂವರೆಗೇ ಎಚ್ಚರ.
ನೀಲಿ ಅಂಚಿನ ಯೂನಿಫಾರಂ ಸೀರೆ ಐದೂ
ಗಂಜಿಯ ಬಿಗುವಿನಲ್ಲಿ ಕಪಾಟಿನೊಳಗೆ ಕಾಯುತ್ತಿದ್ದವು.
ಧರಣೇಂದ್ರ ಡಿಪೋಗೆ ಹೊರಡುವಾಗ
'ಇವತ್ತು ಏನು ಮಾಡ್ತೀಯ?' ಅಂದವನು
ಕೇಳಬಾರದಿತ್ತೇನೋ ಎಂಬಂತೆ ಹೆಲ್ಮೆಟ್ಟಿನೊಳಗೆ ಹೋಗಿಬಿಟ್ಟ.
ಕೆಟ್ಟವನಲ್ಲ. ಪಿ.ಎಫ್. ದುಡ್ಡನ್ನು
ಕ್ಯಾಲೆಂಡರಿನ ಹಿಂಬದಿಯಲ್ಲಿ ಇಬ್ಬರೂ ಕೂತು ಭಾಗಿಸಿದ್ದೆವು:
ಮಗಳ ಫೀಸು ಕಳೆದರೆ ಏಳು ತಿಂಗಳು.

ಕೇಳುವವರು ಬೇರೆಯೇ.
ಹಾಲಿನ ಬೂತಿನ ಸಾಲಿನಲ್ಲಿ, ಸ್ಕೂಲ್ ಗೇಟಿನಲ್ಲಿ,
ನಾದಿನಿಯ ಫೋನಿನಲ್ಲಿ:
ಬಿಟ್ಟೆಯಂತೆ, ಮುಂದೆ?
ಮುಂದೆ ಮಂಗಳವಾರ, ಅನ್ನುತ್ತೇನೆ.
ಈ ಊರಿನ ಅಮ್ಮನೇ
ವರ್ಷಕ್ಕೆ ಹತ್ತು ಹದಿನೈದು ದಿನ ಬಾಗಿಲು ತೆರೆದು
ಉಳಿದದ್ದಷ್ಟೂ ಮುಚ್ಚಿಕೊಂಡು ಒಳಗಿರುತ್ತಾಳೆ.
ಹಚ್ಚಿಟ್ಟ ದೀಪ ಆರುವುದಿಲ್ಲವಂತೆ, ಇಟ್ಟ ಹೂ ಬಾಡುವುದಿಲ್ಲವಂತೆ.
ಹಾಸನಾಂಬೆಯನ್ನು ಯಾರೂ ಕೇಳಿಲ್ಲ,
ಇಷ್ಟು ದಿನ ಒಳಗೆ ಏನ್ ಮಾಡ್ತಿದ್ದೆ ತಾಯಿ, ಅಂತ.
ನಮ್ಮ ಮನೆಯ ಹೂವಂತೂ ಸಂಜೆಗೇ ಬಾಡುತ್ತದೆ.

ನಿಜ ಹೇಳಬೇಕೆಂದರೆ ಕಾರಣ ನನಗೂ ಪೂರ್ತಿ ಗೊತ್ತಿಲ್ಲ.
ಒಂದು ಹುಡುಗಿಯ ಕಿವಿ ನೆನಪಿದೆ.
ಓಲೆ ಬಿಚ್ಚಿ ಕೌಂಟರಿನ ಮೇಲಿಟ್ಟು
ತೂತು ಮುಚ್ಚದಿರಲೆಂದು ಅಲ್ಲೇ ನಿಂತು
ಪೊರಕೆಕಡ್ಡಿ ಮುರಿದು ಸಿಕ್ಕಿಸಿಕೊಂಡಳು.
ಅಷ್ಟೇ. ಎರಡು ಗ್ರಾಂ ನೂರ ಎಂಬತ್ತು ಮಿಲಿ.
ಅಂಥವರು ದಿನಕ್ಕೆ ಹತ್ತು ಮಂದಿ ಬರುತ್ತಿದ್ದರು.
ಕಾರಣ ಅದಲ್ಲ. ಅಲ್ಲವೇ ಅಲ್ಲ ಅನ್ನಲೂ ಆರೆ.

ಕೆಲಸ ಬಿಟ್ಟರೂ ಕಣ್ಣು ಬಿಡಲಿಲ್ಲ.
ಸಿಟಿ ಬಸ್ಸಿನಲ್ಲಿ ಮುಂದಿನ ಸೀಟಿನ ಕತ್ತು:
ಹದಿನೆಂಟು ಗ್ರಾಂ, ಕರಿಮಣಿ ಕಳೆದರೆ ಹದಿನಾಲ್ಕು.
ಮೇಲಿನ ಮನೆಯ ಶಾಕಿರಾಬಿಯ ಬಳೆ: ಇಪ್ಪತ್ತು ಕ್ಯಾರೆಟ್ಟು, ಒಳಗೆ ಅರಗು.
ಬಸದಿಯಲ್ಲಿ ಕಣ್ಣು ಮುಚ್ಚಿ ಕೂತವಳ ಮೂಗುತಿಯನ್ನೂ
ಒರೆಗಲ್ಲಿಗೆ ಉಜ್ಜಿ ನೋಡಿತು ಮನಸ್ಸು.
ಬೆರಳ ತುದಿಯ ಆಸಿಡ್ಡಿನ ಹಳದಿ ಕಲೆ
ಹುಣಿಸೆಹುಳಿಗೂ ಹೋಗಲಿಲ್ಲ.

ಮೇ ತಿಂಗಳಲ್ಲಿ ಎ.ಪಿ.ಎಂ.ಸಿ. ಯಾರ್ಡಿನವರೆಗೆ ನಡೆದೆ, ಸುಮ್ಮನೆ.
ಜಲಂಧರದ ಮೂಟೆ ಬಿಚ್ಚಿ
ಬಿತ್ತನೆ ಆಲೂಗಡ್ಡೆ ನೆರಳಲ್ಲಿ ಹರವಿದ್ದರು.
ಕಾವಲಿನ ಮುದುಕ ಹೇಳಿದ:
'ಕೋಲ್ಡ್ ಸ್ಟೋರೇಜಿಂದ ಬಂದಿದ್ದು ನೇರ ಮಣ್ಣಿಗೆ ಹಾಕಂಗಿಲ್ಲ ಕಣವ್ವ,
ಕೊಳ್ತೋಯ್ತದೆ. ಎಂಟ್ ದಿನ ಹಿಂಗೇ ಬಿದ್ದಿರ್ಬೇಕು.
ಕಣ್ಣು ಒಡೀಬೇಕು.'
ಇದನ್ನು ಯಾರಿಗೂ ಉಪದೇಶ ಮಾಡಬಾರದು ಎಂದುಕೊಂಡೆ.
ಗೆಡ್ಡೆ ತಿನ್ನದ ಮನೆ ನಮ್ಮದು. ಆದರೂ
ಪಕ್ಕದ ಮಂಡಿಯಲ್ಲಿ ಎರಡು ಕೆ.ಜಿ. ಕೊಂಡೆ, ಶಾಕಿರಾಬಿಗೆಂದು.
ಎರಡು ರೂಪಾಯಿಗೆ ಚೌಕಾಸಿ ಮಾಡಿದೆ, ಗಟ್ಟಿಯಾಗಿ,
ಸಂಬಳವಿಲ್ಲದವಳ ಹಾಗೆ.

ನಿನ್ನೆ ಮಹಾರಾಜ ಪಾರ್ಕಿನ ಬೆಂಚಿನಲ್ಲಿ
ಪಕ್ಕ ಬಂದು ಕೂತ ಹೆಂಗಸು ಕಡಲೆಕಾಯಿ ಸುಲಿಯುತ್ತ
ಹಾಸ್ಟೆಲಿನ ಅಡುಗೆ, ಸೊಸೆ, ಮಂಡಿನೋವು ಎಲ್ಲ ಹೇಳಿದಳು,
ನನ್ನ ಕೈಗೂ ಒಂದು ಹಿಡಿ ಸುರಿದಳು.
'ನೀವೇನ್ ಮಾಡ್ಕಂಡಿದೀರಾ?'
ಏನೂ ಇಲ್ಲ, ಅಂದೆ. ಧ್ವನಿ ಒಡೆಯಲಿಲ್ಲ.
'ಹಂಗಾರೆ ಇನ್ನೊಂದ್ ಸ್ವಲ್ಪ ಹೊತ್ತು ಕೂತ್ಕಳಿ' ಅಂದಳು.

ಮನೆಗೆ ಬಂದು ಅಕ್ಕಿ ತೊಳೆಯುವಾಗ ಹೊಳೆಯಿತು:
ಅವಳ ಕೊರಳಲ್ಲಿ ಏನಿತ್ತು?
ಸರವೋ, ದಾರವೋ, ಬರಿದೋ?
ಎಷ್ಟು ನೆನೆದರೂ
ಮಡಿಲ ತುಂಬ ಬಿದ್ದ ಸಿಪ್ಪೆ ಮಾತ್ರ ಕಾಣುತ್ತದೆ.

ಇನ್ನು ಐದು ತಿಂಗಳು.
ನಾಲ್ಕೂಮುಕ್ಕಾಲು.